ಹಿತ್ತಿಲಿನ ಹಕ್ಕಿಗಳೂ ಬೇಸಾಯವೂ

ಮದ್ದೂರು ತಾಲ್ಲೂಕಿನ ಭಾರತೀನಗರದ ಸುತ್ತಲಿನ ಗ್ರಾಮಗಳಲ್ಲಿ ಭತ್ತವೂ ಕಬ್ಬೂ ಮುಖ್ಯವಾದ ಬೆಳೆಗಳು. ಭತ್ತದ ತೆನೆಯು ಬಲಿಯುವಾಗ ಗೀಜಗ, ಗಿಳಿ ಮೊದಲಾದವುಗಳಿಂದಾಗುವ ನಷ್ಟವನ್ನು ಕಂಡು, ಹಕ್ಕಿಗಳೆಲ್ಲವೂ ಬೇಸಾಯಗಾರನ ಶತ್ರುಗಳೆಂದೇ ಕೆಲವರು ಎಣಿಸುವುದುಂಟು. ಈ ಭಾವನೆಯು ಸರಿಯಾದುದಲ್ಲ.

ಕಾಳು ತಿನ್ನುವ ಗುಬ್ಬಿಯು ಸಹ ತನ್ನ ಮರಿಗಳಿಗೆ ಹೆಚ್ಚಾಗಿ ಹುಳುಗಳನ್ನೇ ತಂದು ಉಣಿಸುವುದು. ಕಾಜಾಣವು ಹಾರುವ ಕೀಟಗಳನ್ನು ಹಿಡಿಯುವುದು. ಬೆಳ್ಳಕ್ಕಿಯು ನೇಗಿಲಿನ ಹಿಂದೆಯೇ ನಡೆದು, ಮಣ್ಣಿನಿಂದ ಮೇಲೆದ್ದ ಹುಳುಗಳನ್ನು ಹೆಕ್ಕುವುದು. ಕಣಜಗೂಬೆಯು ರಾತ್ರಿಯಲ್ಲಿ ಇಲಿಗಳನ್ನು ಬೇಟೆಯಾಡುವುದು. ಹೀಗಿರುವಲ್ಲಿ, ಯಾವ ಹಕ್ಕಿಯು ಯಾವ ಕಾಲದಲ್ಲಿ ಬರುವುದೆಂಬುದನ್ನು ಅರಿತಿರುವುದು ಭೂಮಾಲಿಕರಿಗೆ ಲಾಭದಾಯಕವಾದುದು.

ಇದನ್ನು ಅರಿಯಲು ಹಿತ್ತಿಲೇ ಸಾಕು. ಬೆಕ್ಕಿಗೆ ಎಟುಕದ ಎತ್ತರದಲ್ಲಿ, ಮರದ ನೆರಳಿನಲ್ಲಿ, ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರನ್ನಿಟ್ಟು ಪ್ರತಿದಿನವೂ ತೊಳೆದು ತುಂಬತಕ್ಕದ್ದು. ಒಂದು ಹಿಡಿ ನುಚ್ಚು ಅಥವಾ ನವಣೆಯನ್ನು ಬೆಳಗಿನಲ್ಲಿ ಹಾಕಬಹುದು. ಔಷಧಿ ಸವರಿದ ಬಿತ್ತನೆ ಬೀಜವನ್ನು ಎಂದಿಗೂ ಹಾಕಕೂಡದು. ಉಳಿದ ಕಾಳನ್ನು ಸಂಜೆ ಗುಡಿಸದಿದ್ದರೆ ಇಲಿಗಳು ಸೇರುವುವು. ಬಂದ ಹಕ್ಕಿಗಳ ಹೆಸರು, ಸಂಖ್ಯೆ, ದಿನ ಇವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಎರಡು ಮೂರು ವರ್ಷಗಳಲ್ಲಿ ಋತುಕ್ರಮವು ತಾನಾಗಿಯೇ ತಿಳಿಯುವುದು. ಗದ್ದೆಯಲ್ಲಿಯೂ ಹಕ್ಕಿಗಳು ಕೂಡಲು ಕವಲುಕೋಲುಗಳನ್ನು ನೆಟ್ಟರೆ ಕಾಜಾಣಗಳು ಅವುಗಳ ಮೇಲೆ ಕುಳಿತು ಕೀಟಗಳನ್ನು ತಿನ್ನುವುವು. ಆದರೆ ತೆನೆಯು ಹಾಲುಗಟ್ಟುವುದಕ್ಕೆ ಮುಂಚೆಯೇ ಆ ಕೋಲುಗಳನ್ನು ತೆಗೆಯತಕ್ಕದ್ದು. ಇಲ್ಲವಾದರೆ ಕಾಳು ತಿನ್ನುವ ಹಕ್ಕಿಗಳಿಗೂ ಅವೇ ಆಸರೆಯಾಗುವುವು.

ಇದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಗ್ರಾಮವು ಈ ವಿಷಯದಲ್ಲಿ ಉತ್ತಮ ನಿದರ್ಶನವಾಗಿದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಿಸೆ ಮೊದಲಾದ ಮರಗಳ ಮೇಲೆಯೇ ಗೂಡು ಕಟ್ಟುವುವು. ಗೂಡುಗಳಿರುವ ಮರದಿಂದ ಹುಣಿಸೆಯ ಫಸಲು ಮಾಲಿಕನಿಗೆ ಸರಿಯಾಗಿ ದೊರೆಯದು. ಈ ನಷ್ಟಕ್ಕಾಗಿ ಅರಣ್ಯ ಇಲಾಖೆಯು ಮರದ ಮಾಲಿಕರಿಗೆ ಪರಿಹಾರಧನವನ್ನು ಕೊಡುವ ಏರ್ಪಾಡನ್ನು ಮಾಡಿತು. ಹಕ್ಕಿಗಳ ಹಿಕ್ಕೆಯಾದರೋ ಹೊಲಗಳಿಗೆ ಗೊಬ್ಬರವಾಗಿ ಒದಗಿತು. 2007ರಲ್ಲಿ ಈ ಸ್ಥಳವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಹಕ್ಕಿಗೆ ಹಿಡಿ ಕಾಳನ್ನು ಹಾಕುವುದು ಸುಲಭ; ಅದು ಗೂಡು ಕಟ್ಟುವ ಹಳೆಯ ಮರವನ್ನು ಉಳಿಸುವುದೇ ಕಷ್ಟ. ಕಡಿದ ಮರದ ಬೆಲೆಯು ಒಂದು ಸಾರಿ ಕೈಗೆ ಬಂದು ಮುಗಿಯುವುದು. ನಿಂತ ಮರದಲ್ಲಿನ ಹಕ್ಕಿಗಳ ಸೇವೆಯು ವರ್ಷವರ್ಷವೂ ದೊರೆಯುವುದು. ಆದುದರಿಂದ ಗ್ರಾಮದ ಮುಖಂಡರು ಮರ ಕಡಿಯುವ ಪ್ರಸ್ತಾಪವು ಬಂದಾಗಲೆಲ್ಲ ಮೊದಲು ಅದರ ಕೊಂಬೆಗಳತ್ತ ಒಮ್ಮೆ ನೋಡುವುದು ಯುಕ್ತವಾದುದು.