ಬಟನ್ ಒತ್ತಿ ಹಿಡಿದರೆ ಲ್ಯಾಪ್‌ಟಾಪ್ ಆನ್ ಆಗುವುದು ಹೇಗೆ?

ಕರೆಂಟ್ ಹೋಗಿ ಬಂದ ಮೇಲೆ ನನ್ನ ಹಳೆಯ ಲ್ಯಾಪ್‌ಟಾಪ್ ಆನ್ ಆಗಲೇ ಇಲ್ಲ. ರಿಪೇರಿಯವರು ಚಾರ್ಜರ್, ಬ್ಯಾಟರಿ ಎರಡನ್ನೂ ತೆಗೆದು ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದರು. ಮತ್ತೆ ಜೋಡಿಸಿದರೆ ಆನ್ ಆಯಿತು! ಇದು ಹೇಗೆ?
– ಓದುಗರೊಬ್ಬರು, ಮೂಡಲಪಾಳ್ಯ, ಬೆಂಗಳೂರು

ಲ್ಯಾಪ್‌ಟಾಪಿನ ಪವರ್ ಬಟನ್ ನೇರವಾಗಿ ವಿದ್ಯುತ್ ಹರಿಸುವುದಿಲ್ಲ. ಒಳಗಿನ ಪುಟ್ಟ ನಿಯಂತ್ರಕ ಚಿಪ್‌ಗೆ ಸೂಚನೆ ಕೊಡುತ್ತದೆ, ಅಷ್ಟೆ. ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಈ ಚಿಪ್ ಅತ್ಯಲ್ಪ ವಿದ್ಯುತ್ತಿನಲ್ಲಿ ಎಚ್ಚರವಾಗಿಯೇ ಇರುತ್ತದೆ. ಬಟನ್ ಒತ್ತಿದೊಡನೆ ಅದು ಬ್ಯಾಟರಿ, ಚಾರ್ಜರ್‌ಗಳನ್ನು ಪರೀಕ್ಷಿಸಿ, ಒಂದೊಂದೇ ಭಾಗಕ್ಕೆ ಕ್ರಮವಾಗಿ ವಿದ್ಯುತ್ ಬಿಡುತ್ತದೆ.

ವೋಲ್ಟೇಜ್ ಏರುಪೇರಾದಾಗ ಈ ಚಿಪ್ ಕೆಲವೊಮ್ಮೆ ಕೆಲಸದ ನಡುವೆಯೇ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಎಷ್ಟು ಒತ್ತಿದರೂ ಉತ್ತರವಿಲ್ಲ. ಚಾರ್ಜರ್ ಕಿತ್ತ ಮಾತ್ರಕ್ಕೆ ಅದು ಆರುವುದೂ ಇಲ್ಲ. ತಾರಸಿಯ ಟ್ಯಾಂಕಿನ ವಾಲ್ವ್ ಮುಚ್ಚಿದರೂ ಪೈಪಿನಲ್ಲಿ ಉಳಿದ ನೀರು ನಲ್ಲಿಯಲ್ಲಿ ಸ್ವಲ್ಪ ಹೊತ್ತು ಬರುತ್ತದಲ್ಲ, ಹಾಗೆಯೇ ಮದರ್‌ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಒಂದಿಷ್ಟು ವಿದ್ಯುತ್ ಉಳಿದಿರುತ್ತದೆ. ಬಟನ್ ಒತ್ತಿ ಹಿಡಿದಾಗ ಅದು ಖಾಲಿಯಾಗುತ್ತದೆ. ಚಿಪ್ ಪೂರ್ತಿ ಆರಿ, ಮತ್ತೆ ವಿದ್ಯುತ್ ಸಿಕ್ಕಾಗ ಮೊದಲಿನಿಂದ ಕೆಲಸ ಶುರುಮಾಡುತ್ತದೆ. ಫೈಲುಗಳಿಗೆ ತೊಂದರೆಯಿಲ್ಲ, ಅವು ಹಾರ್ಡ್‌ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ ವಿದ್ಯುತ್ ಇಲ್ಲದೆಯೂ ಉಳಿಯುತ್ತವೆ.

ಬ್ಯಾಟರಿ ಒಳಗೇ ಇರುವ ಹೊಸ ಮಾದರಿಗಳಲ್ಲಿ ಚಾರ್ಜರ್ ತೆಗೆದು ಬಟನ್ ಒತ್ತಿ ಹಿಡಿದರೆ ಸಾಮಾನ್ಯವಾಗಿ ಇದೇ ಫಲ ಸಿಗುತ್ತದೆ. ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿಯೇ ಇದ್ದರೆ ರ‍್ಯಾಮ್ ಅಥವಾ ಡಿಸ್‌ಪ್ಲೇ ಪರೀಕ್ಷಿಸಬೇಕು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜ್ ಮಾಡಬೇಡಿ, ಒತ್ತಬೇಡಿ. ನೇರವಾಗಿ ರಿಪೇರಿಯವರಿಗೆ ಕೊಡಿ.