ಕಾವಲು ನಾಯಿಯ ಕಚ್ಚುವ ಚಾಳಿ: ಕಾರಣಗಳೂ ನಿವಾರಣೋಪಾಯಗಳೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಲಿಂಬೆಯ ತೋಟಕ್ಕೂ ಹೊಲದ ಮನೆಗೂ ಕುರಿಯ ಹಟ್ಟಿಗೂ ನಾಯಿಯೇ ಕಾವಲು. ಕಳ್ಳನನ್ನೂ ತೋಳವನ್ನೂ ತಡೆಯಬೇಕಾದ ಆ ನಾಯಿಯೇ ನೆರೆಯವರ ಕೂಸನ್ನು ಕಚ್ಚಿದರೆ ಕಾವಲಿನಿಂದ ಬಂದ ಪ್ರಯೋಜನವೇನು? ಇಂಥ ನಾಯಿಯದು ಹುಟ್ಟುಗುಣವೆಂದು ತಿಳಿದು ಹೊಡೆಯುವವರುಂಟು. ಆದರೆ ದೋಷವು ಬಹುಮಟ್ಟಿಗೆ ಸಾಕುವ ರೀತಿಯಲ್ಲಿಯೇ ಇರುವದು.

ಕಚ್ಚುವದಕ್ಕೆ ಮುಖ್ಯ ಕಾರಣವು ಅಂಜಿಕೆ. ಹುಟ್ಟಿದ 3ನೆಯ ವಾರದಿಂದ ಸುಮಾರು 12ನೆಯ ವಾರದವರೆಗೆ ಮರಿಯು ಯಾವುದಕ್ಕೆ ಅಂಜಬೇಕು, ಯಾವುದಕ್ಕೆ ಅಂಜಬೇಕಾಗಿಲ್ಲ ಎಂಬದನ್ನು ಕಲಿಯುತ್ತದೆ. ಆಗ ಮಕ್ಕಳನ್ನೂ ಕೋಲು ಹಿಡಿದವರನ್ನೂ ವಾಹನಗಳನ್ನೂ ಕಾಣದೆ ಬೆಳೆದ ಮರಿಯು ಮುಂದೆ ಅವುಗಳನ್ನು ಕಂಡು ಬೆದರುವದು. ಗಿಡ್ಡ ಸರಪಳಿಯಿಂದ ಕಟ್ಟಿದ ನಾಯಿಗೆ ಹಿಂದೆ ಸರಿಯಲು ದಾರಿಯಿಲ್ಲದ್ದರಿಂದ ಅದು ಮೇಲೆ ಬೀಳುವದು. ಬಹಳ ಹೊತ್ತು ಹಾಗೆ ಕಟ್ಟಿಡುವದು 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯ ಮೇರೆಗೆ ಅಪರಾಧವೂ ಹೌದು. ಹಸಿವೆ, ಗಾಯ, ಕಿವಿಬೇನೆ, ಮರಿಗಳ ರಕ್ಷಣೆ ಇವು ಇತರ ಕಾರಣಗಳು. ನೆರೆಯ ಮುಧೋಳದ ಬೇಟೆನಾಯಿಯು ಓಡುವದನ್ನು ಕಂಡೊಡನೆ ಬೆನ್ನಟ್ಟುವ ತಳಿಯಾದ್ದರಿಂದ ಅದರ ಮುಂದೆ ಮಕ್ಕಳು ಓಡಬಾರದು.

ನಿವಾರಣೋಪಾಯಗಳು:

1. ಮರಿಯನ್ನು ಎಳೆತನದಲ್ಲಿಯೇ ಮನೆಯ ಮಕ್ಕಳಿಗೂ ಬಂದುಹೋಗುವವರಿಗೂ ಮೆಲ್ಲಗೆ ರೂಢಿಮಾಡಬೇಕು.

2. ದಿನಾಲು ಎರಡು ಹೊತ್ತು ನಾಯಿಯನ್ನು ಅಡ್ಡಾಡಿಸಬೇಕು. ಉಳಿದ ಹೊತ್ತು ಬೇಲಿಯೊಳಗೆ ನೆರಳು, ನೀರು ಒದಗಿಸಿ ಬಿಡುವದು ಉತ್ತಮ.

3. ಉಣ್ಣುವಾಗ, ಮಲಗಿದಾಗ, ಮರಿ ಹಾಕಿದಾಗ ಅದನ್ನು ಕೆಣಕಬಾರದು.

4. ಗುರುಗುಟ್ಟುವದು, ಮೈ ಬಿಗಿಯುವದು ಇವು ಮುನ್ನೆಚ್ಚರಿಕೆಗಳು. ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿಯು ಅದನ್ನು ಬಿಟ್ಟು ಸದ್ದಿಲ್ಲದೆ ಕಚ್ಚಲು ಕಲಿಯುವದು. ಶಾಂತವಾಗಿದ್ದಾಗ ರೊಟ್ಟಿಯ ತುಣುಕು ಕೊಡುವದೇ ಸರಿಯಾದ ಶಿಕ್ಷಣ.

5. ಮರಿಗೆ 3 ತಿಂಗಳಾದೊಡನೆ ಹುಚ್ಚುರೋಗದ ಲಸಿಕೆಯನ್ನು ಹಾಕಿಸಿ, ಮುಂದೆಯೂ ಪಶುವೈದ್ಯರು ಹೇಳಿದಂತೆ ಹಾಕಿಸುತ್ತಿರಬೇಕು.

ಸೌಮ್ಯವಾದ ನಾಯಿಯು ಒಮ್ಮೆಲೆ ಕಂಡಕಂಡದ್ದನ್ನು ಕಚ್ಚತೊಡಗಿ ಜೊಲ್ಲು ಸುರಿಸಿದರೆ ಅದರ ಸಮೀಪಕ್ಕೆ ಹೋಗದೆ ಪಶುವೈದ್ಯರಿಗೆ ತಿಳಿಸಬೇಕು. ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗತಕ್ಕದ್ದು. ಸುಣ್ಣ, ಅರಿಷಿಣ, ಖಾರಪುಡಿಗಳನ್ನು ಹಚ್ಚಬಾರದು. ಹೇಳಿದ ದಿನಗಳಂದು ಎಲ್ಲ ಚುಚ್ಚುಮದ್ದುಗಳನ್ನೂ ಹಾಕಿಸಿಕೊಳ್ಳಬೇಕು. ಯಾಕಂದರೆ ಹುಚ್ಚುರೋಗದ ಲಕ್ಷಣಗಳು ತೋರಿದ ಮೇಲೆ ರೋಗಿಯು ಉಳಿಯುವದು ತೀರ ವಿರಳ.