ಕೈಬಿಟ್ಟ ಕೋಶಗಳು

ಸ್ತನದ ಬಯಾಪ್ಸಿ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಸ್ಟರಿಗೆ ಕೆಲವು ಸಲ ಇರುವೆ ಸಾಲು ಕಾಣುತ್ತದೆ. ಕ್ಯಾನ್ಸರ್ ಕೋಶಗಳು ಗುಂಪುಗೂಡದೆ, ಒಂದರ ಹಿಂದೊಂದು, ನಾರಿನ ಎಳೆಗಳ ನಡುವೆ ನುಸುಳಿಕೊಂಡು ಹೊರಟಿರುತ್ತವೆ. ಇದು ಲೋಬ್ಯುಲಾರ್ ಕ್ಯಾನ್ಸರ್. ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 10ರಿಂದ 15 ಈ ಬಗೆಯವು.

ಈ ಕೋಶಗಳು ಒಂಟಿಯಾಗಿ ನಡೆಯುವುದೇಕೆ? ಅವುಗಳಲ್ಲಿ ಹೆಚ್ಚಿನವಕ್ಕೆ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು ಇರುವುದಿಲ್ಲ. ಕ್ಯಾಡ್ಹೆರಿನ್‌ಗಳನ್ನು ಕಂಡುಹಿಡಿದು ಹೆಸರಿಟ್ಟವರು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಮಸತೋಶಿ ತಾಕೇಚಿ. ಒಂದು ಕೋಶ ತನ್ನ ಪೊರೆಯಿಂದ ಈ ಪ್ರೋಟೀನನ್ನು ಹೊರಚಾಚುತ್ತದೆ, ಪಕ್ಕದ ಕೋಶವೂ ಚಾಚುತ್ತದೆ, ಎರಡೂ ಹೆಣೆದುಕೊಳ್ಳುತ್ತವೆ. ಹಿಡಿತ ನಿಲ್ಲಲು ಕ್ಯಾಲ್ಸಿಯಂ ಬೇಕು. ಹಾಲ್ನಾಳಗಳ ಒಳಗೋಡೆ ಒಡೆಯದೆ ನಿಂತಿರುವುದರಲ್ಲಿ ಈ ಹಿಡಿತದ ಪಾಲು ದೊಡ್ಡದು.

ಈ ಪ್ರೋಟೀನನ್ನು ತಯಾರಿಸುವ ಸೂಚನೆ 16ನೆಯ ಕ್ರೋಮೊಸೋಮ್‌ನ ಸಿಡಿಎಚ್-1 ಜೀನಿನಲ್ಲಿದೆ. ಗಡ್ಡೆ ತಡೆಯುವ ಜೀನ್ ಎಂದೊಡನೆ ಹಲವರಿಗೆ ನೆನಪಾಗುವುದು ಡಿಎನ್‌ಎ ದುರಸ್ತಿಗೆ ನೆರವಾಗುವ ಬಿಆರ್‌ಸಿಎ-1. ಸಿಡಿಎಚ್-1ರ ಕೆಲಸ ಬೇರೆ. ಅದು ಕೋಶವನ್ನು ನೆರೆಹೊರೆಗೆ ಕಟ್ಟಿಹಾಕುತ್ತದೆ. ಇಂಥ ಜೀನ್‌ಗಳು ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತವೆ, ತಾಯಿಯಿಂದೊಂದು, ತಂದೆಯಿಂದೊಂದು. ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ; ಎರಡೂ ಹೋದಾಗಲೇ ಅಪಾಯ. ಮಕ್ಕಳ ಕಣ್ಣಿನ ಕ್ಯಾನ್ಸರನ್ನು ಅಧ್ಯಯನ ಮಾಡಿ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಮುಂದಿಟ್ಟ ಈ ತರ್ಕ ಇಲ್ಲಿಗೂ ಹೊಂದುತ್ತದೆ.

ಹುಟ್ಟಿನಿಂದಲೇ ಒಂದು ಪ್ರತಿ ಕೆಟ್ಟಿದ್ದರೆ? ನ್ಯೂಜಿಲೆಂಡಿನ ಒಂದು ಮಾವೊರಿ ಮನೆತನದಲ್ಲಿ ತಲೆಮಾರುಗಳಿಂದ ಹೊಟ್ಟೆಯ ಕ್ಯಾನ್ಸರ್ ಎಳೆಯ ವಯಸ್ಸಿನವರನ್ನೂ ಬಲಿ ತೆಗೆದುಕೊಳ್ಳುತ್ತಿತ್ತು. ಆ ಮನೆಯವರೂ ಒಟಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಜೊತೆಗೂಡಿ ಹುಡುಕಿದಾಗ, 1998ರಲ್ಲಿ, ಸಿಡಿಎಚ್-1ರ ದೋಷ ಸಿಕ್ಕಿತು. ಇದೇ ದೋಷ ಹೊತ್ತ ಹೆಂಗಸರಿಗೆ ಲೋಬ್ಯುಲಾರ್ ಸ್ತನ ಕ್ಯಾನ್ಸರಿನ ಅಪಾಯವೂ ಹೆಚ್ಚೆಂದು ಆಮೇಲೆ ತಿಳಿಯಿತು. ರೋಗಕ್ಕೆ ಶಾಪವೋ ಆಹಾರವೋ ಕಾರಣವೆಂದು ದೂರುವ ಬದಲು ರಕ್ತ ಕೊಟ್ಟು ಪ್ರಶ್ನೆ ಕೇಳಿದ ಆ ಮನೆತನದ ಋಣ ನಮ್ಮೆಲ್ಲರ ಮೇಲಿದೆ.

ಇಷ್ಟು ಓದಿದವರಿಗೆ ಲೆಕ್ಕ ಸುಲಭವೆನ್ನಿಸಬಹುದು: ಅಂಟು ಹೋಯಿತು, ಕ್ಯಾನ್ಸರ್ ಹರಡಿತು. ಆದರೆ ಸ್ತನ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಹಾಲ್ನಾಳದ ಬಗೆಯವು, ಡಕ್ಟಲ್ ಎನ್ನುವಂಥವು. ಅವುಗಳಲ್ಲಿ ಅನೇಕವು ಇ-ಕ್ಯಾಡ್ಹೆರಿನ್ ಇಟ್ಟುಕೊಂಡೇ ಹರಡುತ್ತವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆ್ಯಂಡ್ರೂ ಇವಾಲ್ಡ್ ಅವರ ತಂಡ 2019ರಲ್ಲಿ ಇಂಥ ಗಡ್ಡೆಗಳಿಂದ ಈ ಜೀನನ್ನು ತೆಗೆದು ನೋಡಿತು. ಕೋಶಗಳು ಸುತ್ತಲಿನ ಅಂಗಾಂಶಕ್ಕೆ ಹೆಚ್ಚು ನುಗ್ಗಿದವು ನಿಜ, ಆದರೆ ದಾರಿಯಲ್ಲೇ ಸತ್ತವು. ಇಲಿಗಳ ದೂರದ ಅಂಗಗಳಲ್ಲಿ ಅವು ಕಟ್ಟಿದ ನೆಲೆಗಳು ಬಹಳ ಕಡಿಮೆಯಾದವು. ಮನೆ ಬಿಡುವುದು ಒಂದು ಕೆಲಸ, ಪರವೂರಿನಲ್ಲಿ ಬದುಕಿಕೊಳ್ಳುವುದು ಇನ್ನೊಂದು. ಡಕ್ಟಲ್ ಕೋಶಕ್ಕೆ ಎರಡನೆಯದರಲ್ಲಿ ಸಂಗಾತಿಗಳ ಆಸರೆ ಬೇಕು. ಲೋಬ್ಯುಲಾರ್ ಕೋಶವಾದರೋ ಒಂಟಿತನವನ್ನು ತಾಳಿಕೊಳ್ಳಲು ಕಲಿತಿದೆ. ಹಾಗಾಗಿ ಒಂದು ಜೀನನ್ನು ಕಾವಲುಗಾರ ಎಂದು ಕರೆಯುವ ಮೊದಲು, ಯಾವ ಗಡ್ಡೆಯಲ್ಲಿ, ಯಾವ ಹಂತದಲ್ಲಿ ಎಂದು ಕೇಳಲೇಬೇಕು.

ಹರಡುವ ದಾರಿಯೂ ಬೇರೆ. ಲೋಬ್ಯುಲಾರ್ ಕ್ಯಾನ್ಸರ್ ಮೂಳೆಗಷ್ಟೇ ಹೋಗದೆ ಹೊಟ್ಟೆಯೊಳಗಿನ ಪೊರೆ, ಜಠರ, ಅಂಡಾಶಯಗಳಿಗೂ ಹೋಗುವುದುಂಟು, ಕೆಲವೊಮ್ಮೆ ಎಷ್ಟೋ ವರ್ಷಗಳ ನಂತರ.

ಸಾಲಾಗಿ ಹರಡುವ ಕೋಶಗಳು ಕೈಗೆ ಸಿಗುವ ಗಂಟು ಕಟ್ಟದಿರಬಹುದು. ಮ್ಯಾಮೊಗ್ರಾಮಿನ ಕಣ್ಣನ್ನೂ ತಪ್ಪಿಸಬಹುದು. ಆದ್ದರಿಂದ ಗಂಟಿಲ್ಲವೆಂದು ಸುಮ್ಮನಿರಬೇಡಿ. ಸ್ತನದ ಒಂದು ಭಾಗ ದಪ್ಪಗಾಗಿದ್ದರೆ, ಚರ್ಮ ಒಳಗೆಳೆದಂತಿದ್ದರೆ, ತೊಟ್ಟು ಹೊಸದಾಗಿ ಒಳಸರಿದಿದ್ದರೆ ವೈದ್ಯರಿಗೆ ತೋರಿಸಿ. ಮ್ಯಾಮೊಗ್ರಾಮಿನಲ್ಲಿ ಏನೂ ಕಾಣದಿದ್ದರೂ ಅನುಮಾನ ಉಳಿದರೆ ಎಂಆರ್‌ಐ ಬೇಕೇ ಎಂದು ಕೇಳಿ. ಮನೆತನದಲ್ಲಿ ಹೊಟ್ಟೆಯ ಕ್ಯಾನ್ಸರ್ ಇದ್ದರೆ ಆ ಮಾತನ್ನೂ ವೈದ್ಯರಿಗೆ ತಪ್ಪದೆ ಹೇಳಿ.